ಕಾಫಿ ಒಳಗಿಂದ ತಾನಾಗೇ ಬರುವುದಿಲ್ಲ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಮಗಳ ಜೊತೆ ಕೂತು ಜಪಾನಿನ 'ಡಂಜನ್ ಮೆಶಿ' ಅನಿಮೆಯ, ಅಂದರೆ ಕಾರ್ಟೂನ್ ಧಾರಾವಾಹಿಯ, 24 ಕಂತೂ ನೋಡಿದೆ. ಚಿತ್ರಗಳು ಚೆಂದ, ನಗುವೂ ಬಂತು. ಆದರೆ ತಂಗಿಯನ್ನು ಡ್ರ್ಯಾಗನ್ ನುಂಗಿರುವಾಗ ಅಣ್ಣ ದಾರಿಯಲ್ಲಿ ಕೂತು ಚೇಳಿನ ಸಾರು ಚಪ್ಪರಿಸುತ್ತಾನೆ. ನೋಡೋಕೇ ಅಸಹ್ಯ. ಅರ್ಧ ಕಳೆದ ಮೇಲೆ ಬರೀ ರಕ್ತ, ಮಾಟ, ಸಾವು. ಇದು ನಗಿಸುವ ಕಥೆಯೋ, ಅಳಿಸುವುದೋ, ಅಡುಗೆ ಕಾರ್ಯಕ್ರಮವೋ? ನಿಮಗೇನನಿಸುತ್ತೆ?"

ಪತ್ರ ಓದಿ ಖುಷಿಯಾಯಿತು. ಅರೆಮನಸ್ಸಿನಲ್ಲೇ ಕೊನೆ ಕಂತಿನವರೆಗೂ ನೋಡಿ, ಆಮೇಲೆ ಬೇಸರ ಹೇಳಿದ್ದೀರಿ. ಅಷ್ಟು ತಾಳ್ಮೆ ಈಗ ಎಷ್ಟು ಜನರಿಗಿದೆ? ನಿಮ್ಮ ಒಂದು ದೂರಿನಲ್ಲಿ ಹುರುಳಿದೆ. ಕೆಂಪು ಡ್ರ್ಯಾಗನ್ ಸತ್ತ ಮೇಲೆ ಹೊಸ ಗುಂಪುಗಳು, ಹೊಸ ಮುಖಗಳು ಒಂದರ ಹಿಂದೊಂದು ನುಗ್ಗುತ್ತವೆ. ಯಾರು ಯಾರ ಕಡೆ ಅಂತ ನನಗೂ ಗೊಂದಲವಾಯಿತು. ಅದನ್ನು ಒಪ್ಪುತ್ತೇನೆ. ಮಿಕ್ಕಿದ್ದನ್ನು ಒಪ್ಪಲಾರೆ.

ಇದರ ಮೂಲ ರ್‍ಯೋಕೊ ಕುಯಿ ಬರೆದು ಬಿಡಿಸಿದ ಚಿತ್ರಕಥೆ. 2014ರಿಂದ 2023ರವರೆಗೆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 14 ಸಂಪುಟ ಆಯಿತು. ಸ್ಟುಡಿಯೋ ಟ್ರಿಗರ್ 2024ರಲ್ಲಿ ಅದನ್ನು ಅನಿಮೆ ಮಾಡಿತು. 'ಡಂಜನ್' ಅಂದರೆ ಈ ಕಥೆಯಲ್ಲಿ ವಿಚಿತ್ರ ಪ್ರಾಣಿಗಳು ತುಂಬಿರುವ ನೆಲದಡಿಯ ಜಟಿಲ ಗುಹೆ. 'ಮೆಶಿ' ಅಂದರೆ ಜಪಾನಿನ ಆಡುಮಾತಿನಲ್ಲಿ ಊಟ. ಬೇಯಿಸಿದ ಅನ್ನಕ್ಕೂ ಅದೇ ಮಾತು. ಹೆಸರಲ್ಲೇ ಊಟ ಇದೆ, ಅಲ್ವಾ? ಅಡುಗೆ ಇಲ್ಲಿ ಮೇಲೆ ಹಾಕಿದ ಒಗ್ಗರಣೆ ಅಲ್ಲ.

ಆ ಅಣ್ಣ ಲಾಯೋಸ್ ಚೇಳು ಯಾಕೆ ತಿಂದ, ನೆನಪಿಸಿಕೊಳ್ಳಿ. ಅವನಿಗೆ ಮೊದಲಿನಿಂದಲೂ ತಿಂದು ನೋಡುವ ಆಸೆ ಇತ್ತು, ನಿಜ. ಆದರೆ ಕೈಯಲ್ಲಿ ಕಾಸಿಲ್ಲ. ಬುತ್ತಿಗೆ ದುಡ್ಡು ಹೊಂದಿಸುತ್ತಾ ಕೂತರೆ ಅಷ್ಟರಲ್ಲಿ ತಂಗಿ ಫಾಲಿನ್ ಡ್ರ್ಯಾಗನ್ ಹೊಟ್ಟೆಯಲ್ಲಿ ಅರಗಿಹೋಗುತ್ತಾಳೆ. ಅದರ ಬಾಯಿಗೆ ಸಿಕ್ಕ ಗಳಿಗೆಯಲ್ಲೂ ಮಂತ್ರ ಹಾಕಿ ಉಳಿದವರನ್ನೆಲ್ಲ ಹೊರಗೆ ದಾಟಿಸಿದವಳು ಅವಳು. ಮೊದಲ ಸಲ ಇವರು ಸೋತದ್ದಾದರೂ ಯಾಕೆ? ಹೊಟ್ಟೆಗಿಲ್ಲದೆ ಹೋಗಿದ್ದರು. ಅಂಥವನು ಈಗ ಒಂದು ತುತ್ತು ಉಂಡು ಮುಂದೆ ಹೋದರೆ ಅದು ತಂಗಿಯನ್ನು ಮರೆತದ್ದು ಹೇಗಾಗುತ್ತದೆ? ಸಾವಿನ ಮನೆಯಲ್ಲೂ ಪಕ್ಕದ ಮನೆಯವರು ಅನ್ನ ಸಾರು ತಂದು, "ಒಂದು ತುತ್ತು ತಿನ್ನಿ" ಅಂತ ಕೈ ಹಿಡಿದು ಕೂರಿಸುವುದಿಲ್ಲವೇ?

ಇನ್ನು ಅಸಹ್ಯದ ಮಾತು. ಗುಂಪಿಗೆ ಅಡುಗೆ ಮಾಡುವ ಸೆಂಶಿಯ ಕೈ ನೋಡಿ. ಚೇಳಿನ ಬಾಲ ತೆಗೆದು ಬಿಸಾಡುತ್ತಾನೆ, ತಿಂದರೆ ಹೊಟ್ಟೆ ಕೆಡುತ್ತದೆ ಅಂತ. ಮೈಗೆ ಕಚ್ಚು ಹಾಕುತ್ತಾನೆ, ಬೇಗ ಬೇಯಲಿ, ಸಾರಿಗೆ ರುಚಿ ಇಳಿಯಲಿ ಅಂತ. ಲೋಳೆಜೀವಿಯನ್ನು ಹುಳಿಹಣ್ಣಿನ ರಸ ಬೆರೆಸಿದ ಬಿಸಿನೀರಲ್ಲಿ ತೊಳೆದು, ಉಪ್ಪು ತಿಕ್ಕಿ, ಒಣಗಿಸುತ್ತಾನೆ. ಇದು ನಮಗೆ ಗೊತ್ತಿಲ್ಲದ್ದೇ? ನಾನು ಮಲೆನಾಡಿನವನು. ನಮ್ಮಜ್ಜಿ ಕಳಲೆ ಹೆಚ್ಚಿ ಮೂರು ದಿನ ನೀರಲ್ಲಿ ಹಾಕಿಡುತ್ತಿದ್ದರು. ದಿನಾ ನೀರು ಬದಲಿಸಬೇಕು, ಇಲ್ಲದಿದ್ದರೆ ವಿಷ. ಪತ್ರೊಡೆ ಮಾಡುವಾಗ ಕೆಸುವಿನ ಎಲೆಗೆ ಹುಣಸೆಹುಳಿ ಕಮ್ಮಿಯಾದರೆ ಗಂಟಲೆಲ್ಲ ತುರಿಕೆ. ಚಗಳಿ ಇರುವೆಯ ಚಟ್ನಿ ನಾನೇ ಎಷ್ಟೋ ಸಲ ಪಕ್ಕದ ಮನೆಯಲ್ಲಿ ತಿಂದಿದ್ದೇನೆ, ರೊಟ್ಟಿ ಜೊತೆ. ನೀವೂ ಮಲೆನಾಡಿನ ಬಾಗಿಲಲ್ಲೇ ಇದ್ದೀರಿ. ಇನ್ನೊಬ್ಬರ ತಟ್ಟೆ ನೋಡಿ "ಅಸಹ್ಯ" ಅಂತ ಇಷ್ಟು ಬೇಗ ಅನ್ನಬಾರದಿತ್ತು. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಮಗಳಿಗೆ ಹಾಗೆ ಅನಿಸಿರಲಿಕ್ಕಿಲ್ಲ.

ಆರ್ಕ್ ಎಂಬ ಕಾಲ್ಪನಿಕ ಕುಲದವರ ಬಿಡಾರದ ದೃಶ್ಯ ಇದೆಯಲ್ಲ, ನನಗೆ ಅದು ಬಹಳ ಇಷ್ಟ. ಲಾಯೋಸ್ ಗುಂಪಿನ ಮಂತ್ರಗಾತಿ, ಎಲ್ಫ್ ಎಂಬ ಉದ್ದಕಿವಿಯ ಕುಲದ ಹುಡುಗಿ ಮಾರ್ಸಿಲ್ ಮತ್ತು ಆರ್ಕ್‌ಗಳ ಮುಖ್ಯಸ್ಥ ಎದುರುಬದುರು ನಿಂತು ಬ್ರೆಡ್ಡಿನ ಹಿಟ್ಟು ನಾದುತ್ತಾರೆ. ಯಾರ ಹಿರಿಯರು ಯಾರ ನೆಲ ಕಿತ್ತುಕೊಂಡರು ಅಂತ ಜಗಳ. ಸಿಟ್ಟಿಗೆ ಹಿಟ್ಟನ್ನು ಗುದ್ದುತ್ತಾರೆ, ಹಿಟ್ಟು ಹದವಾಗುತ್ತದೆ. ನೂರಾರು ವರ್ಷದ ಹಗೆಯನ್ನು ಒಂದು ಅಡುಗೆಯ ಹೊತ್ತಿನಲ್ಲಿ ತೋರಿಸಲು ಎಷ್ಟು ಜನ ಕಥೆಗಾರರಿಗೆ ಬರುತ್ತದೆ?

ನಮ್ಮ ಕಥೆಗಳಲ್ಲಿ ಏನಾಗುತ್ತದೆ ಗೊತ್ತಾ? ನನ್ನ ಮೇಜಿಗೆ ವಾರಕ್ಕೆ ಹತ್ತಾರು ಕಥೆ ಬರುತ್ತವೆ. ಇಬ್ಬರು ಗಂಡಸರು ಜಗಲಿಯಲ್ಲಿ ಕೂತು ಮಾತಾಡುತ್ತಾರೆ. "ಅಷ್ಟರಲ್ಲಿ ಒಳಗಿಂದ ಕಾಫಿ ಬಂತು." ಹೇಗೆ ಬಂತು? ಒಲೆ ಹಚ್ಚಿದ್ದು ಯಾರು? ಹಾಲು ಇತ್ತಾ, ಪಕ್ಕದ ಮನೆಯಿಂದ ತಂದರಾ? ಬರೆದವರು ಒಳಗೆ ಇಣುಕಿಯೂ ನೋಡಿರುವುದಿಲ್ಲ. ನಾನು ಮೊದಲು ಕೆಲಸಕ್ಕೆ ಸೇರಿದ ಪತ್ರಿಕೆಯಲ್ಲಿ ಅಡುಗೆ ಪುಟ ಅಂದರೆ ಜಾಹೀರಾತು ಬರದಿದ್ದಾಗ ಸುಮ್ನೆ ಜಾಗ ತುಂಬಿಸುವ ಪುಟ. ಹೊಸಬರ ಕೈಗೆ ಕೊಡುತ್ತಿದ್ದರು. ಒಮ್ಮೆ ಅಳತೆಯ ಸಾಲೇ ಬಿಟ್ಟುಹೋಯಿತು. ಬೈಸಿಕೊಳ್ಳುತ್ತೇನೆ ಅಂತ ಹೆದರಿದ್ದೆ, ಯಾರೂ ಕೇಳಲೇ ಇಲ್ಲ. ನನಗೆ ಅದು ಇವತ್ತಿಗೂ ನೋವು. ಮೊದಲು ನಾವು ಹೀಗಿರಲಿಲ್ಲ. ಸಾವಿರ ವರ್ಷದ ಹಿಂದೆ ಎರಡನೇ ಚಾವುಂಡರಾಯ 'ಲೋಕೋಪಕಾರ' ಬರೆದಾಗ ಮಳೆ, ಬೇಸಾಯ, ಔಷಧದ ಸಾಲಿನಲ್ಲೇ ಅಡುಗೆಯನ್ನೂ ಕೂರಿಸಿದ. ಕವಿ ಮಂಗರಸ ಪಾಕವನ್ನು ಪದ್ಯದಲ್ಲೇ ಬರೆದ. ಈಗ ಅದನ್ನು ಸಾಹಿತ್ಯ ಅಂತ ಒಪ್ಪಲು ನಮಗೆ ನಾಚಿಕೆ.

ನಗುವೋ ಅಳುವೋ ಅಂತ ಕೇಳಿದ್ದೀರಿ. ಗ್ರಿಫಿನ್ (ಹದ್ದಿನ ತಲೆ, ಸಿಂಹದ ಮೈಯ ಕಾಲ್ಪನಿಕ ಪ್ರಾಣಿ) ಸಾರಿನ ಕಂತನ್ನು ಮಗಳ ಜೊತೆ ಇನ್ನೊಂದು ಸಲ ನೋಡಿ. ಚಿಕ್ಕವನಿದ್ದಾಗ ಸೆಂಶಿ ನೆಲದಡಿಯಲ್ಲಿ ಹಸಿದು ಬಿದ್ದಿದ್ದ. ಜೊತೆಯವನು ಗ್ರಿಫಿನ್ ಮಾಂಸ ಅಂತ ಹೇಳಿ ಒಂದು ಬಟ್ಟಲು ಸಾರು ಕೊಟ್ಟ. ಅದು ಸತ್ತ ಗೆಳೆಯನ ಮಾಂಸವೇ ಇರಬಹುದಾ? ವರ್ಷಗಟ್ಟಲೆ ಆ ಭಯವನ್ನು ಯಾರಿಗೂ ಹೇಳದೆ, ಕಂಡವರಿಗೆಲ್ಲ ಬೇಯಿಸಿ ಹಾಕುತ್ತಾ ಬಂದವನು ಅವನು. ಕೊನೆಗೆ ಲಾಯೋಸ್ ಯೋಚಿಸಿ, ಸರಿಯಾದ ಮಾಂಸ ಹುಡುಕಿ, ಸಾರು ಮಾಡಿಸಿ ಮುಂದಿಡುತ್ತಾನೆ. ಸೆಂಶಿ ಒಂದು ಗುಟುಕು ಕುಡಿಯುತ್ತಾನೆ. ಅದೇ ರುಚಿ. ಆಗ ಅವನ ಮುಖ ನೋಡಿ, ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.

— ಸಂ.