ಅಡಿಕೆ ಲೆಕ್ಕವನ್ನು ಒಲೆಗೆ ಹಾಕಬೇಡಿ

ಮಲೆನಾಡಿನಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟುವವರು ಜಾಸ್ತಿಯಾಗಿದ್ದಾರೆ. ಅದಕ್ಕೆ ತಕ್ಕಂತೆ ನನಗೆ ಬರುವ ಪ್ರಶ್ನೆಗಳೂ ಜಾಸ್ತಿಯಾಗಿವೆ. ಅಟ್ಟ ಇಳಿಸಿದೆವು, ಹಳೇ ಕಾಗದದ, ತಾಳೆಗರಿಯ ಗಂಟು ಸಿಕ್ಕಿತು, ಏನು ಮಾಡೋಣ ಅಂತ. ಎಷ್ಟೋ ಜನ ಒರೆಸಿ, ಅಂಟಿಸಿ, ಅರ್ಧ ಸುಟ್ಟ ಮೇಲೆ ಕೇಳುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ಈ ಸಲ ಒಂದೇ ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತೇನೆ. ಉಳಿದವಕ್ಕೆ ಅಷ್ಟು ಬೇಕಿಲ್ಲ.

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಊರು. ಅಟ್ಟದ ಮೇಲೆ ಅಜ್ಜನ ಕಾಲದ ಪೆಟ್ಟಿಗೆ ಸಿಕ್ಕಿದೆ. ಅದರಲ್ಲಿ ತಾಳೆಗರಿ ಕಟ್ಟುಗಳು, ಕಪ್ಪು ಬಟ್ಟೆಯ ಎರಡು ಕಡತ ಇವೆ. ಉಳಿದದ್ದೆಲ್ಲ ಅಡಿಕೆ ಲೆಕ್ಕ, ಗೇಣಿ ಚೀಟಿ, ಕೋರ್ಟು ಕಾಗದ. ತಾಳೆಗರಿಯನ್ನು ವಿಶ್ವವಿದ್ಯಾಲಯಕ್ಕೆ ಕೊಡಬೇಕು ಅಂದುಕೊಂಡಿದ್ದೇವೆ. ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಬಹುದಾ? ಲೆಕ್ಕದ ಪುಸ್ತಕಗಳಿಗೆ ಗೆದ್ದಲು ಹಿಡಿದಿದೆ. ಸುಟ್ಟುಬಿಡಬಹುದಲ್ವಾ?

ಉತ್ತರ: ಸುಡಬೇಡಿ. ಒರೆಸಲೂಬೇಡಿ.

ತಾಳೆಗರಿ ಅಂದರೆ ಬೆಲೆಬಾಳುವುದು, ಲೆಕ್ಕದ ಪುಸ್ತಕ ಅಂದರೆ ರದ್ದಿ ಅಂತ ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ. ನಿಮ್ಮ ಗರಿಯಲ್ಲಿ ಜೈಮಿನಿ ಭಾರತ ಇದ್ದರೆ ಸಂತೋಷ. ಆದರೆ ಅದರ ಪ್ರತಿಗಳು ಕರ್ನಾಟಕದ ತುಂಬ ಇವೆ. ನಿಮ್ಮಜ್ಜನ ಅಡಿಕೆ ಲೆಕ್ಕಕ್ಕೆ ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಅಡಿಕೆಯ ಕೊಳೆರೋಗದ ಬಗ್ಗೆ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ವರದಿ 1910ರಲ್ಲಿ ಬಂತು. ಮೈಲುತುತ್ತ, ಸುಣ್ಣ ಸೇರಿಸಿ ಸಿಂಪಡಿಸುವ ಬೋರ್ಡೋ ದ್ರಾವಣದ ಪ್ರಚಾರ ಶುರುವಾದದ್ದೂ ಆಗಲೇ. ವರದಿ ಗ್ರಂಥಾಲಯದಲ್ಲಿ ಓದಲು ಸಿಗುತ್ತದೆ. ಆದರೆ ಆ ಔಷಧಿ ನಿಮ್ಮೂರಿನ ತೋಟಕ್ಕೆ ಯಾವ ವರ್ಷ ಬಂತು? ಮರ ಹತ್ತಿ ಹೊಡೆದವರಿಗೆ ಕೂಲಿ ಎಷ್ಟು ಕೊಟ್ಟರು? ಆ ವರ್ಷ ಫಸಲು ಉಳಿಯಿತಾ? ಯಾವ ಸರ್ಕಾರಿ ವರದಿಯೂ ಇದನ್ನು ಮನೆ ಮನೆಯ ಮಟ್ಟಕ್ಕೆ ಹೇಳುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಮೈಲುತುತ್ತ ತಂದ ಖರ್ಚು ಮೊದಲ ಸಲ ಕಾಣಿಸಿಕೊಂಡ ಪುಟ ಹೇಳುತ್ತದೆ. ಅದೇ ಪುಸ್ತಕದಲ್ಲಿ ರಾಶಿ, ಬೆಟ್ಟೆ, ಗೊರಬಲು ಹೀಗೆ ಅಡಿಕೆಯ ಒಂದೊಂದು ಬಗೆಯ ದರ ಇರುತ್ತದೆ. ಅಡಿಕೆ ಗೊನೆ ಕೊಯ್ಲಿಗೆ ಬಂದವರ ಹೆಸರು, ಅವರ ಊರು ಇರುತ್ತದೆ. ಕೃಷಿ ವಿಜ್ಞಾನಿ, ಅರ್ಥಶಾಸ್ತ್ರದವರು, ಭಾಷೆಯ ಬಗ್ಗೆ ಕೆಲಸ ಮಾಡುವವರು, ಮೂವರಿಗೂ ಅದು ಬೇಕು.

ಗೇಣಿ ಚೀಟಿಯೂ ಹಾಗೇ. 1951ರ ಕಾಗೋಡು ಸತ್ಯಾಗ್ರಹ ನಿಮ್ಮ ತಾಲ್ಲೂಕಿನದೇ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ ಅಲ್ಲಿ ದೊಡ್ಡ ತಕರಾರಾಗಿತ್ತು. ಹೋರಾಟದ ಬಗ್ಗೆ ಭಾಷಣ ಬೇಕಾದಷ್ಟು ಸಿಗುತ್ತದೆ. ಒಬ್ಬ ರೈತ ಒಂದು ವರ್ಷ ಎಷ್ಟು ಕೊಳಗ ಅಳೆದ ಅನ್ನುವುದು ಚೀಟಿಯಲ್ಲೇ ಸಿಗಬೇಕು. ಇನ್ನು ಶರಾವತಿ ಕಣಿವೆಯ ಕಾಗದ ಇದ್ದರಂತೂ ಒಂದು ಚೂರೂ ಬಿಡಬೇಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಊರುಗಳು ನೀರಿನಡಿ ಹೋದವು. ಆ ಗದ್ದೆಯ ಗಡಿ, ತೋಟದ ಹೆಸರು, ತೋಟಕ್ಕೆ ಸೊಪ್ಪು ತರುವ ಕಾಡಿನ, ಅಂದರೆ ಸೊಪ್ಪಿನ ಬೆಟ್ಟದ ಹಕ್ಕು ಈಗ ಉಳಿದಿರುವುದು ಕಾಗದದಲ್ಲಿ ಮಾತ್ರ.

ಹಾಗಾಗಿ ಪೆಟ್ಟಿಗೆಯನ್ನು ಒಡೆಯಬೇಡಿ. ಗರಿ ಒಂದು ಕಡೆ, ಚೀಟಿ ಇನ್ನೊಂದು ಕಡೆ ಮಾಡಬೇಡಿ. ಯಾವುದರ ಜೊತೆ ಯಾವುದು ಕಟ್ಟಿತ್ತು ಅನ್ನುವುದೂ ದಾಖಲೆಯೇ. ಗರಿಯನ್ನು ಬರೆಸಿದವರು ಯಾರು, ಎಷ್ಟು ಕೊಟ್ಟರು ಅನ್ನುವುದು ಪಕ್ಕದ ಲೆಕ್ಕದಲ್ಲೇ ಇರಬಹುದು. ಶೃಂಗೇರಿ ಮಠಕ್ಕೆ ಟಿಪ್ಪು ಬರೆದ ಕನ್ನಡ ಪತ್ರಗಳು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರಿಗೆ ಸಿಕ್ಕವು. 1791ರಲ್ಲಿ ಮರಾಠ ದಂಡು ಮಠವನ್ನು ಲೂಟಿ ಮಾಡಿದ ನಂತರದ ಪತ್ರಗಳೂ ಅದರಲ್ಲಿದ್ದವು. ಮಠದ ದಫ್ತರ ಅಷ್ಟು ಕಾಲ ಉಳಿದಿದ್ದಕ್ಕೇ ಅವು ಸಿಕ್ಕಿದ್ದು.

ಇನ್ನು ಎಣ್ಣೆ. ಕೊಬ್ಬರಿ ಎಣ್ಣೆ ಬರಬರುತ್ತ ಕಮಟುತ್ತದೆ, ಧೂಳು ಹಿಡಿಯುತ್ತದೆ, ಹುಳ ಕರೆಯುತ್ತದೆ. ತಜ್ಞರು ಬಳಸುವುದು ಮಜ್ಜಿಗೆ ಹುಲ್ಲಿನ ಎಣ್ಣೆ. ಅದೂ ಕಂಠದಿಂದ (ಮೊನಚು ಲೇಖನಿಯಿಂದ) ಕೊರೆದ ಗರಿಗೆ ಮಾತ್ರ, ಅದೂ ಸ್ವಲ್ಪ. ಶಾಯಿಯಲ್ಲಿ ಬರೆದದ್ದಕ್ಕೆ ಹಚ್ಚಿದರೆ ಅಕ್ಷರವೇ ಹೋಗುತ್ತದೆ. ಕೊರೆದದ್ದೋ ಬರೆದದ್ದೋ ಗೊತ್ತಾಗದಿದ್ದರೆ ಸುಮ್ನೆ ಬಿಡಿ. ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ, ಸಾಕು.

ಕಡತದ ವಿಷಯದಲ್ಲಿ ಇನ್ನೂ ಹುಷಾರು. ಅದು ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಸವರಿದ ಬಟ್ಟೆ. ಬರೆದಿರುವುದು ಬಳಪದಲ್ಲಿ. ಒದ್ದೆ ಬಟ್ಟೆ ಒಮ್ಮೆ ಆಡಿಸಿದರೆ ನಿಮ್ಮ ಮನೆತನದ ಲೆಕ್ಕ ಸ್ಲೇಟು ಒರೆಸಿದ ಹಾಗೆ ಅಳಿಸಿಹೋಗುತ್ತದೆ. ಬಿಗಿಯಾಗಿ ಅಂಟಿಕೊಂಡ ಮಡಿಕೆಯನ್ನು ಎಳೆದು ಬಿಡಿಸಲೂಬೇಡಿ.

ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸುವವರಿಗೆ ನಾನು ಎಷ್ಟು ಹೇಳಿದರೂ ಸಾಲದು. ಬಿಸಿ ಮಾಡಿ ಪ್ಲಾಸ್ಟಿಕ್ ಅಂಟಿಸಿದ ಕಾಗದವನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲ್ಲೊಟೇಪೂ ಬೇಡ, ಅದರ ಅಂಟು ಕಂದು ಕಲೆಯಾಗಿ ಅಕ್ಷರ ನುಂಗುತ್ತದೆ. ಗೆದ್ದಲು ಹಿಡಿದ ಪುಸ್ತಕವನ್ನು ಬೇರೆ ಇಡಿ, ಮಣ್ಣು ಉದುರಿಸಿ, ನೆರಳಲ್ಲಿ ಗಾಳಿಗೆ ಇಡಿ. ಬಿಸಿಲಿಗೆ ಹಾಕಬೇಡಿ. ಮಳೆಗಾಲದಲ್ಲಿ ಗಂಟು ಬಿಚ್ಚುವ ಕೆಲಸವೇ ಬೇಡ, ದೀಪಾವಳಿ ಕಳೆಯಲಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ತೇವ ಒಳಗೇ ನಿಂತು ಬೂಷ್ಟು ಬರುತ್ತದೆ. ಗಂಜಿ ಹೋಗುವ ಹಾಗೆ ಒಗೆದ ಬಿಳಿ ಹತ್ತಿ ಬಟ್ಟೆ ಸಾಕು.

'ಅಜ್ಜ ಏನೂ ಮಾಡ್ತಿರಲಿಲ್ಲ, ಆದ್ರೂ ಉಳಿದಿತ್ತಲ್ಲ' ಅಂತ ಕೇಳುತ್ತೀರಿ. ಅಜ್ಜನ ಕಾಲದಲ್ಲಿ ಕೆಳಗೆ ಒಲೆ ಉರಿಯುತ್ತಿತ್ತು. ಹೊಗೆ ಅಟ್ಟಕ್ಕೆ ಏರುತ್ತಿತ್ತು. ಹುಳವೂ ದೂರ, ತೇವವೂ ದೂರ. ಮನೆಗೆ ಗ್ಯಾಸ್ ಬಂದ ಮೇಲೆ ಆ ಅಟ್ಟ ಬರೀ ಕತ್ತಲ ಮೂಲೆ. ಪೆಟ್ಟಿಗೆಯನ್ನು ಮತ್ತೆ ಅಲ್ಲಿಗೇ ಏರಿಸಬೇಡಿ.

ಕೊಡುವುದಾದರೆ ಇಡೀ ಪೆಟ್ಟಿಗೆ ಕೊಡಿ. ಕೆಳದಿಯಲ್ಲಿ ಗುಂಡಾ ಜೋಯಿಸರು ಕಟ್ಟಿದ ವಸ್ತು ಸಂಗ್ರಹಾಲಯ ನಿಮಗೆ ಹತ್ತಿರ, ಅದು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಎಲ್ಲಿ ಕೊಟ್ಟರೂ ಏನೇನು ಕೊಟ್ಟಿರಿ ಅನ್ನುವ ಪಟ್ಟಿ ಬರೆದು ಸಹಿ, ಮೊಹರು ಹಾಕಿಸಿಕೊಳ್ಳಿ. ನಿಮಗೊಂದು ಡಿಜಿಟಲ್ ಪ್ರತಿ ಕೇಳಿ. ಕಾರಿನಲ್ಲಿ ಬಂದು 'ಸಂಶೋಧನೆಗೆ ಬೇಕು, ವಾರದಲ್ಲಿ ತಂದುಕೊಡ್ತೀನಿ' ಅನ್ನುವವರ ಕೈಗೆ ಒಂದು ಗರಿಯನ್ನೂ ಕೊಡಬೇಡಿ. ಅವರು ಎಷ್ಟು ಓದಿದವರಾಗಿದ್ದರೂ ಸರಿ. 75 ವರ್ಷ ದಾಟಿದ, ಚಾರಿತ್ರಿಕ ಬೆಲೆಯಿರುವ ಹಸ್ತಪ್ರತಿಗಳು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಸಾಗಿಸುವ ಹಾಗಿಲ್ಲ, ವ್ಯಾಪಾರಕ್ಕೆ ಲೈಸೆನ್ಸ್ ಬೇಕು.

ಪ್ರಶ್ನೆ: ಎಲ್ಲ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿದ್ದೇನೆ. ಇನ್ನು ಮೂಲ ಯಾಕೆ? (ತೀರ್ಥಹಳ್ಳಿ)

ಉತ್ತರ: ಕಾಗದದೊಳಗಿನ ನೀರುಗುರುತು, ಹೊಲಿಗೆ, ಶಾಯಿ ಯಾವುದೂ ನಿಮ್ಮ ಫೋಟೋದಲ್ಲಿಲ್ಲ. ಮೂಲ ಇಟ್ಟುಕೊಳ್ಳಿ.

ಪ್ರಶ್ನೆ: ಮೋಡಿ ಅಕ್ಷರದ ಕಾಗದ ಮನೆಯಲ್ಲಿದ್ದರೆ ಮಾಟ ತಗಲುತ್ತದಂತೆ, ಹೌದಾ?

ಉತ್ತರ: ಇಲ್ಲ. ಅದು ಲೆಕ್ಕ ಬರೆಯುವವರ ಅವಸರದ ಕೈಬರಹ.

ಪ್ರಶ್ನೆ: ಕಾಗದದಲ್ಲಿ 'ಶಾರ್ವರಿ ಸಂವತ್ಸರ' ಅಂತ ಮಾತ್ರ ಇದೆ. ಯಾವ ಇಸವಿ?

ಉತ್ತರ: ಅಷ್ಟರಿಂದಲೇ ಹೇಳಲಾಗದು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. 1840, 1900, 1960 ಎಲ್ಲವೂ ಶಾರ್ವರಿಯೇ. ಶಕ ವರ್ಷ ಇದ್ದರೆ 78 ಕೂಡಿಸಿ. ಶಕ 1582 ಶಾರ್ವರಿ ಅಂದರೆ 1660, ಶಿವಪ್ಪನಾಯಕ ತೀರಿಕೊಂಡ ವರ್ಷ. ಶಕ ವರ್ಷವೂ ಸಂವತ್ಸರವೂ ಒಂದಕ್ಕೊಂದು ಹೊಂದದಿದ್ದರೆ ಕಾಗದವನ್ನು ಅನುಮಾನದಿಂದ ನೋಡಿ.

ಪ್ರಶ್ನೆ: ಗರಿಯಲ್ಲಿ ನಿಧಿಯ ಜಾಗ ಬರೆದಿದೆ ಅಂತ ಒಬ್ಬರು ಓದಿ ಹೇಳಿದರು. ಪೂಜೆಗೆ ದುಡ್ಡು ಕೇಳುತ್ತಿದ್ದಾರೆ. (ಹೊಸನಗರ)

ಉತ್ತರ: ದುಡ್ಡು ಕೊಡಬೇಡಿ, ಪೊಲೀಸರಿಗೆ ಹೇಳಿ. ಬಿದನೂರು ಕೋಟೆಯ ಸುತ್ತ ನೆಲ ಅಗೆದು ಹಾಳು ಮಾಡುವವರೂ ಇಂಥವರ ಮಾತು ಕೇಳಿದವರೇ. ನಿಮ್ಮ ಗರಿಯಲ್ಲಿ ಪಂಚಾಂಗವೋ ಮನೆಮದ್ದೋ ಇರಬಹುದು. ಓದಲು ಬರುವವರಿಗೆ ತೋರಿಸಿ.

ಪ್ರಶ್ನೆ: ನಮ್ಮ ತಂದೆ ಜಾನಪದದ ಅಧ್ಯಾಪಕರಾಗಿದ್ದರು. ಅವರ ಪಿಎಚ್‌ಡಿ ಪ್ರಬಂಧ ವಿಶ್ವವಿದ್ಯಾಲಯದಲ್ಲಿದೆ. ಕ್ಷೇತ್ರಕಾರ್ಯದ ನೋಟ್‌ಬುಕ್, ಕ್ಯಾಸೆಟ್ ಮನೆಯಲ್ಲಿವೆ. ಅವು ಯಾರಿಗಾದರೂ ಬೇಕಾ?

ಉತ್ತರ: ಪ್ರಬಂಧಕ್ಕಿಂತ ಅವೇ ಹೆಚ್ಚು ಬೇಕು. 2009ರ ಯುಜಿಸಿ ನಿಯಮದ ನಂತರ ಪ್ರಬಂಧಗಳು ಶೋಧಗಂಗಾ ಅನ್ನುವ ಆನ್‌ಲೈನ್ ಸಂಗ್ರಹದಲ್ಲಿ ಸೇರುತ್ತಿವೆ. ಹಾಡಿದವರ ದನಿ ಅಲ್ಲಿಲ್ಲ, ಪ್ರಬಂಧಕ್ಕೆ ಬೇಡವೆಂದು ಬಿಟ್ಟ ಹಾಡುಗಳೂ ಇಲ್ಲ. ಯಾವ ಕ್ಯಾಸೆಟ್ ಯಾವ ಊರಿನದು, ಯಾರು ಹಾಡಿದ್ದು ಎಂದು ಅಮ್ಮನನ್ನೋ ತಂದೆಯ ಸ್ನೇಹಿತರನ್ನೋ ಕೇಳಿ ಈಗಲೇ ಬರೆದಿಡಿ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಕಿ ನೋಡಬೇಡಿ. ಟೇಪು ತುಂಡಾಗುತ್ತದೆ, ಯಂತ್ರಕ್ಕೆ ಹತ್ತಿದ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಆ ಕೆಲಸ ಬಲ್ಲವರಿಗೆ ಹಾಗೇ ಕೊಡಿ.