ಕಪಾಟಿನ ಮೇಲೆ ಕುರ್‌ಆನ್, ಕೆಳಗೆ ತಕ್ಕಡಿ

ನೀವು ಕೇಳಿದ್ದು ಇದು: ಪಕ್ಕದ ಮುಸ್ಲಿಂ ಮನೆಯವರು ಕುರ್‌ಆನನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿ ಇಡುತ್ತಾರೆ, ಕೈಕಾಲು ತೊಳೆಯದೆ ಮುಟ್ಟುವುದಿಲ್ಲ, ಆದರೆ ಅರ್ಥ ಕೇಳಿದರೆ ಗೊತ್ತಿಲ್ಲ ಅಂತಾರೆ. ಹಾಗಾದರೆ ಗೌರವ ಅಂದರೆ ಅಷ್ಟೇನಾ? ಅದರಂತೆ ಬದುಕುವುದು ಅಂದರೆ ದಿನನಿತ್ಯದಲ್ಲಿ ಏನು?

ನಾನು ಮೌಲಾನಾ ಅಲ್ಲ. ಹಾವೇರಿ ಜಿಲ್ಲೆಯ ಒಂದು ಊರಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವನು. ನಮ್ಮದು ನದಾಫರ ಮನೆ, ತಾತ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಮನೆಮಾತು ಕನ್ನಡವೇ. ಜುಮ್ಮಾ (ಶುಕ್ರವಾರ) ದಿನ ಹಜರತ್, ಅಂದರೆ ಮಸೀದಿಯ ಇಮಾಮರು, ಉರ್ದುವಿನಲ್ಲಿ ಬಯಾನ್ (ಪ್ರವಚನ) ಮಾಡಿದರೆ ಅರ್ಧ ಅರ್ಥವಾಗುತ್ತದೆ, ಅರ್ಧ ತಲೆಯ ಮೇಲಿಂದ ಹಾರಿಹೋಗುತ್ತದೆ. ಅರಬಿ ಅಂತೂ ಓದಲಿಕ್ಕಷ್ಟೇ ಬರುತ್ತಿತ್ತು. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಹೊಸದಲ್ಲ, ನಾನೇ ಕೇಳಿಕೊಂಡದ್ದು.

ಮೊದಲು ಆ ಬಟ್ಟೆಯ ವಿಷಯ. ಅದಕ್ಕೆ ಜುಜ್‌ದಾನ್ ಅಂತಾರೆ. ನಮ್ಮ ಮನೆಯದನ್ನು ದಾದಿ, ಅಂದರೆ ಅಪ್ಪನ ತಾಯಿ, ತನ್ನ ಮದುವೆ ಸೀರೆಯ ಸೆರಗು ಕತ್ತರಿಸಿ ಹೊಲಿದಿದ್ದಳು. ಫಜರ್ (ಬೆಳಗಿನ ಜಾವದ) ನಮಾಜ್ ಮುಗಿಸಿ, ಪುಸ್ತಕ ಇಡುವ ರೆಹಲ್ ಬಿಚ್ಚಿ ಕುರ್‌ಆನ್ ಇಟ್ಟುಕೊಂಡು, ಅಕ್ಷರದ ಕೆಳಗೆ ಬೆರಳು ಓಡಿಸುತ್ತಾ ತಡವರಿಸಿ ತಡವರಿಸಿ ಓದುತ್ತಿದ್ದಳು. ಒಂದು ಪುಟಕ್ಕೆ ಕಾಲು ಗಂಟೆ. ಕನ್ನಡ ಓದಲು ಬಾರದವಳು, ಶಾಲೆ ಮೆಟ್ಟಿಲು ಹತ್ತದವಳು, ಆದರೆ ಆ ಅಕ್ಷರಗಳನ್ನು ಮಾತ್ರ ಕಲಿತಿದ್ದಳು. ಅರ್ಥ ಗೊತ್ತಿಲ್ಲದೆ ಓದಿದರೆ ಏನು ಬಂತು ಅಂತ ಯಾರಾದರೂ ಹಂಗಿಸಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಓದುವ ಒಂದೊಂದು ಅಕ್ಷರಕ್ಕೂ ಪುಣ್ಯವಿದೆ, ‘ಅಲಿಫ್ ಲಾಮ್ ಮೀಮ್’ ಅಂದರೆ ಒಂದಲ್ಲ, ಮೂರು ಅಕ್ಷರ ಅಂತ ಪ್ರವಾದಿ ಮುಹಮ್ಮದರ ಮಾತಿದೆ. ಕಷ್ಟಪಟ್ಟು ತೊದಲುತ್ತಾ ಓದುವವರಿಗೆ ಎರಡು ಪಟ್ಟು ಪ್ರತಿಫಲ ಅಂತಲೂ ಇದೆ. ದಾದಿಯ ಲೆಕ್ಕ ಅವಳಿಗೆ ಚುಕ್ತಾ ಆಗಿರುತ್ತದೆ, ನನಗೆ ಅನುಮಾನವಿಲ್ಲ. ಹರಿದ ಹಾಳೆ ಸಿಕ್ಕರೆ ಕಸಕ್ಕೆ ಹಾಕದೆ ಮಸೀದಿಯ ಪೆಟ್ಟಿಗೆಗೆ ಕೊಡುತ್ತೇವೆ, ಅವನ್ನೆಲ್ಲ ಕೂಡಿಸಿ ಯಾರೂ ತುಳಿಯದ ಜಾಗದಲ್ಲಿ ಹೂಳುತ್ತಾರೆ, ಇಲ್ಲವೇ ಹರಿಯುವ ನೀರಿಗೆ ಬಿಡುತ್ತಾರೆ. ಇದೆಲ್ಲ ಪ್ರೀತಿ. ಪ್ರೀತಿಗೆ ಇಂಥ ಚಿಕ್ಕ ಚಿಕ್ಕ ರೂಢಿಗಳು ಬೇಕಾಗುತ್ತವೆ.

ಆದರೆ ದಾದಿಗೆ ಓದಲು ಬರುತ್ತಿದ್ದುದು ಅಷ್ಟೇ. ನನಗೆ ಹತ್ತನೇ ಕ್ಲಾಸಿನವರೆಗೆ ಕನ್ನಡ ಓದಿಸಿದ್ದರು. ನನ್ನ ನೆಪ ಏನು?

ಮೂವತ್ತರ ಹೊತ್ತಿಗೆ ಮಂಗಳೂರಿನಿಂದ ತರಿಸಿದ ಒಂದು ಕನ್ನಡ ಅನುವಾದ ಕೈಗೆ ಬಂತು. 114 ಸೂರಾ (ಅಧ್ಯಾಯ), ಆರು ಸಾವಿರಕ್ಕೂ ಮಿಕ್ಕಿದ ಆಯತ್ (ವಚನ). ಸ್ವರ್ಗ, ನರಕ, ಪ್ರವಾದಿಗಳ ಕಥೆ ಇರುತ್ತದೆ ಅಂದುಕೊಂಡಿದ್ದೆ. ಅವೂ ಇವೆ. ಆದರೆ ಇಡೀ ಕುರ್‌ಆನಿನಲ್ಲೇ ಅತಿ ಉದ್ದದ ಆಯತ್ ಯಾವುದರ ಬಗ್ಗೆ ಗೊತ್ತೇ? ಸಾಲ ಕೊಟ್ಟರೆ, ತಗೊಂಡರೆ ಬರೆದಿಡಿ ಅನ್ನುವುದರ ಬಗ್ಗೆ. ಎರಡನೇ ಸೂರಾದ 282ನೇ ಆಯತ್. ಬರೆಯುವವನು ನ್ಯಾಯವಾಗಿ ಬರೆಯಲಿ, ಸಾಲಗಾರನೇ ಹೇಳಿ ಬರೆಸಲಿ, ಸಾಕ್ಷಿ ಇರಲಿ, ಮೊತ್ತ ಚಿಕ್ಕದೋ ದೊಡ್ಡದೋ ಬರೆಯಲು ಬೇಸರಪಡಬೇಡಿ. ಉದ್ರಿ ಖಾತೆ ಬರೆಯುವ ನನ್ನಂಥವನಿಗೆ ಇದನ್ನು ಓದಿದಾಗ ಯಾರೋ ಗಲ್ಲಾಪೆಟ್ಟಿಗೆಯ ಹಿಂದೆ ಬಂದು ನಿಂತ ಹಾಗಾಯಿತು. ‘ನಮ್ಮ ನಮ್ಮಲ್ಲಿ ಬರಹ ಯಾಕೆ’ ಅಂತ ಬಾಯಿಮಾತಲ್ಲಿ ಕೊಟ್ಟು, ಆಮೇಲೆ ಮಾತು ಬಿಟ್ಟ ಸಂಬಂಧಿಕರು ನಮ್ಮ ಓಣಿಯಲ್ಲೇ ನಾಲ್ಕು ಮನೆ ಸಿಗುತ್ತಾರೆ. ಅದರ ಹಿಂದಿನ 280ನೇ ಆಯತ್ ಇನ್ನೂ ಕಷ್ಟದ್ದು: ಸಾಲಗಾರ ಅಡಚಣೆಯಲ್ಲಿದ್ದರೆ ಅನುಕೂಲವಾಗುವ ತನಕ ಗಡುವು ಕೊಡಿ, ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು. ಬರೆಯುವುದನ್ನು ಬೇಗ ರೂಢಿಸಿಕೊಂಡೆ. ಬಿಡುವುದನ್ನು ಇನ್ನೂ ಕಲಿಯುತ್ತಿದ್ದೇನೆ.

ಆಮೇಲೆ ಎದುರಾದದ್ದು 83ನೇ ಸೂರಾ. ಶುರುವಾಗುವುದೇ ಹೀಗೆ: ಅಳತೆ, ತೂಕದಲ್ಲಿ ಮೋಸ ಮಾಡುವವರಿಗೆ ವಿನಾಶ, ಜನರಿಂದ ತಗೊಳ್ಳುವಾಗ ಪೂರ್ತಿ ಅಳೆದುಕೊಳ್ಳುತ್ತಾರೆ, ಕೊಡುವಾಗ ಕಡಿಮೆ ಕೊಡುತ್ತಾರೆ. ನಮ್ಮ ಅಂಗಡಿಯಲ್ಲಿ ಹಳ್ಳಿಯವರಿಂದ ಮೆಣಸಿನಕಾಯಿ, ಜೋಳ ಕೊಳ್ಳುತ್ತಿದ್ದೆವು. ಖಾಲಿ ಚೀಲದ ತೂಕ ಅಂತ ಒಂದು ಕೆಜಿ ಕಳೆಯುವುದು, ಮೇಲೆ ‘ಸೂಟು’ ಅಂತ ಇನ್ನರ್ಧ ಕೆಜಿ. ಅದೇ ಜೋಳವನ್ನು ಬಿಡಿಯಾಗಿ ಮಾರುವಾಗ ಪೊಟ್ಟಣದ ದಪ್ಪ ಕಾಗದವೂ ತಕ್ಕಡಿ ಹತ್ತುತ್ತಿತ್ತು. ಅಪ್ಪ ಐದು ಹೊತ್ತಿನ ನಮಾಜಿ. ಕೆಟ್ಟ ಮನುಷ್ಯ ಅಲ್ಲವೇ ಅಲ್ಲ. ಎಲ್ಲರೂ ಹಿಡಿಯುತ್ತಿದ್ದರು, ಅವನೂ ಹಿಡಿದ. ಆ ತಕ್ಕಡಿ ತೂಗುತ್ತಿದ್ದ ಮೊಳೆಗೆ ಸರಿಯಾಗಿ ಮೇಲೆ, ಗೋಡೆಯ ಗೂಡಿನಲ್ಲಿ, ಇನ್ನೊಂದು ಕುರ್‌ಆನ್ ಇತ್ತು. ಬರಕತ್ (ಸಮೃದ್ಧಿ) ಆಗಲಿ ಅಂತ ಇಟ್ಟದ್ದು. ಆ ಸೂರಾ ಓದಿದ ರಾತ್ರಿ ನನಗೆ ಆ ಗೂಡೇ ಕಣ್ಣಿಗೆ ಕಟ್ಟುತ್ತಿತ್ತು. ಸೂಟು ನಿಲ್ಲಿಸಿದೆ. ಖಾಲಿ ಚೀಲವನ್ನೇ ತೂಗಿ ಅಷ್ಟೇ ಕಳೆದೆ. ಅಪ್ಪ ಒಂದು ವಾರ ಸರಿಯಾಗಿ ಮಾತಾಡಲಿಲ್ಲ, ಪಕ್ಕದ ಅಂಗಡಿಯವರು ನಕ್ಕರು. ಲಾಭ ಕಡಿಮೆಯಾಯಿತು, ಸುಳ್ಳು ಯಾಕೆ ಹೇಳಲಿ.

107ನೇ ಸೂರಾದ್ದು ಇನ್ನೂ ತಮಾಷೆ. ಏಳೇ ಆಯತ್, ಮಕ್ಕಳು ಮೊದಮೊದಲು ಬಾಯಿಪಾಠ ಮಾಡುವುದರಲ್ಲಿ ಅದೂ ಒಂದು. ಅನಾಥನನ್ನು ತಳ್ಳುವವನು, ಬಡವನ ಊಟಕ್ಕೆ ಪ್ರೇರೇಪಿಸದವನು, ತೋರಿಕೆಗೆ ನಮಾಜ್ ಮಾಡುವವನು, ಕೊನೆಗೆ ‘ಮಾಊನ್’ ಕೊಡದವನು. ಮಾಊನ್ ಅಂದರೆ ನೆರೆಹೊರೆಯವರು ಕೇಳಿ ತಗೊಂಡು ಹೋಗುವ ಸಣ್ಣಪುಟ್ಟ ಸಾಮಾನು ಅಂತ ವ್ಯಾಖ್ಯಾನ ಮಾಡುತ್ತಾರೆ: ಕೊಡ, ಕೊಡಲಿ, ಪಾತ್ರೆ ಇಂಥವು. ಇಷ್ಟು ವರ್ಷ ನಮಾಜಿನಲ್ಲಿ ಅದನ್ನೇ ಓದಿ, ಸಲಾಂ ಕೊಟ್ಟು ಮನೆಗೆ ಬಂದು, ಪಕ್ಕದ ಮನೆಯವರು ನಿಚ್ಚಣಿಕೆ ಕೇಳಿದರೆ ‘ಯಾರೋ ಒಯ್ದಾರ್ರೀ’ ಅಂದವನು ನಾನು. ನಿಚ್ಚಣಿಕೆ ಹಿತ್ತಲಲ್ಲೇ ಇತ್ತು.

ಹೀಗೆ ಓದುವುದು ನನ್ನ ಸ್ವಂತ ಬುದ್ಧಿಯಲ್ಲ. ಪ್ರವಾದಿಗಳ ಸಂಗಾತಿಗಳು ಹತ್ತು ಆಯತ್ ಕಲಿತರೆ, ಅದರ ಅರ್ಥ ತಿಳಿದು ಆಚರಣೆಗೆ ತರುವ ತನಕ ಮುಂದಿನ ಹತ್ತಕ್ಕೆ ಹೋಗುತ್ತಿರಲಿಲ್ಲ ಅಂತ ಹಳೆಯ ವರದಿಗಳಲ್ಲಿದೆ. ನಾವು ತದ್ವಿರುದ್ಧ. ರಂಜಾನ್ ಬಂದರೆ ಯಾರದ್ದು ಎಷ್ಟು ಖತಂ (ಪೂರ್ತಿ ಪಾರಾಯಣ) ಆಯಿತು ಅಂತ ಸ್ಕೋರ್ ಕೇಳುತ್ತೇವೆ. ಮೂರು ದಿನಕ್ಕಿಂತ ಕಡಿಮೆಯಲ್ಲಿ ಮುಗಿಸುವವನಿಗೆ ಅರ್ಥವಾಗಿರುವುದಿಲ್ಲ ಅಂತ ಹದೀಸ್ (ಪ್ರವಾದಿಗಳ ಮಾತು) ಇದೆ ಅಂದರೆ ನಮ್ಮ ಹುಡುಗರು ನಂಬುವುದಿಲ್ಲ. ಪ್ರವಾದಿಗಳ ಪತ್ನಿ ಆಯಿಷಾ ಅವರನ್ನು ಪ್ರವಾದಿಗಳ ನಡತೆ ಹೇಗಿತ್ತು ಅಂತ ಕೇಳಿದಾಗ ಅವರು ಕೊಟ್ಟ ಉತ್ತರ ಒಂದೇ ಮಾತು: ಅವರ ನಡತೆ ಕುರ್‌ಆನೇ ಆಗಿತ್ತು.

ಇನ್ನು ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. ತಕ್ಕಡಿ, ನಿಚ್ಚಣಿಕೆ ಎಲ್ಲ ಸಣ್ಣ ಪರೀಕ್ಷೆ. ದೊಡ್ಡದು ಅಪ್ಪ ತೀರಿಕೊಂಡಾಗ ಬಂತು, 2018ರಲ್ಲಿ.

ಮಯ್ಯತ್ (ಶವ) ಪಡಸಾಲೆಯಲ್ಲಿತ್ತು. ಎತ್ತುವ ಮುಂಚೆ ಹಿರಿಯ ಹೆಂಗಸೊಬ್ಬಳು ಅವ್ವನ ಕಿವಿಗೆ ಬಗ್ಗಿ, ‘ಮೆಹರ್ ಮಾಫ್ ಮಾಡಿದೆ ಅಂತ ಹೇಳವಾ’ ಅಂದಳು. ಮೆಹರ್ ಅಂದರೆ ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡಬೇಕಾದ ಹಣ. ನಮ್ಮ ಕಡೆ ನಿಕಾಹ್‌ದಲ್ಲಿ ಮೊತ್ತ ಬರೆಸುತ್ತಾರೆ, ಕೊಡುವುದು ಅಪರೂಪ. (ಹೆಣ್ಣಿನ ಕಡೆಯಿಂದ ತಗೊಳ್ಳುವುದು ಮಾತ್ರ ಮದುವೆಗೆ ಮುಂಚೆಯೇ ಎಣಿಸಿ.) ಸತ್ತ ದಿನ ಹೀಗೆ ಕಿವಿಯಲ್ಲಿ ಕೇಳಿ ಮುಗಿಸುತ್ತಾರೆ. ಅವ್ವ ಏನೂ ಹೇಳಲಿಲ್ಲ, ತಲೆ ಆಡಿಸಿದಳು. ಆಗ ನನಗೂ ಅದು ಸಹಜ ಅನ್ನಿಸಿತು.

ಮುಂದಿನ ತಿಂಗಳು ಪಾಲಿನ ಮಾತು. ಅವ್ವ, ನಾವಿಬ್ಬರು ಗಂಡುಮಕ್ಕಳು, ಮೂವರು ತಂಗಿಯರು. ಊರ ಹಿರಿಯರು ಒಂದು ಹಾಳೆ ತಂದರು, ತಂಗಿಯರ ಹಕ್ಕುಬಿಡುಗಡೆ ಪತ್ರ. ‘ಹೆಣ್ಣುಮಕ್ಕಳಿಗೆ ಮದುವಿ ಮಾಡಿ ಕೊಟ್ಟೀವಿ, ಇನ್ನೇನು?’ ಎಲ್ಲರೂ ಟೋಪಿ ಹಾಕಿಕೊಂಡಿದ್ದರು, ಫಾತಿಹಾ (ಕುರ್‌ಆನಿನ ಮೊದಲ ಸೂರಾ) ಓದಿಯೇ ಮಾತು ಶುರುಮಾಡಿದ್ದರು. ನಾಲ್ಕನೇ ಸೂರಾದ ಏಳನೇ ಆಯತ್ ಹೇಳುವುದು: ತಂದೆತಾಯಿ, ಹತ್ತಿರದ ಬಂಧುಗಳು ಬಿಟ್ಟುಹೋದದ್ದರಲ್ಲಿ ಗಂಡಸರಿಗೂ ಪಾಲಿದೆ, ಹೆಂಗಸರಿಗೂ ಪಾಲಿದೆ, ಸ್ವಲ್ಪವಿರಲಿ ಹೆಚ್ಚಿರಲಿ, ಅದು ಕಡ್ಡಾಯದ ಪಾಲು. ಮುಂದೆ 11 ಮತ್ತು 12ರಲ್ಲಿ ಯಾರಿಗೆ ಎಷ್ಟು ಅಂತ ಭಿನ್ನರಾಶಿ ಸಮೇತ ಇದೆ. ನಮಾಜಿಗೆ ಎಷ್ಟು ರಕಾತ್ (ಸುತ್ತು) ಅಂತ ಕೂಡ ಕುರ್‌ಆನಿನಲ್ಲಿ ಅಷ್ಟು ವಿವರವಾಗಿ ಇಲ್ಲ. ಈ ಗಡಿ ಮೀರಿದವನಿಗೆ ಬೆಂಕಿ ಅಂತ 14ನೇ ಆಯತ್ ಮುಗಿಸುತ್ತದೆ.

ಮಗಳಿಗೆ ಮಗನ ಅರ್ಧ ಯಾಕೆ ಅಂತ ನೀವು ಕೇಳಬಹುದು. ಕೇಳಿ, ಅದು ಬೇರೆ ಚರ್ಚೆ. ನಾನು ಹೇಳುತ್ತಿರುವುದು ನಮ್ಮ ಕಡೆ ಆ ಅರ್ಧವೂ ಸಿಗುವುದಿಲ್ಲ ಅನ್ನುವುದನ್ನು. 1937ರ ಶರೀಅತ್ ಕಾಯ್ದೆ (ಮುಸ್ಲಿಮರ ಆಸ್ತಿ, ಮದುವೆಗೆ ರೂಢಿಯ ಬದಲು ಶರೀಅತ್ ಅನ್ವಯಿಸುವ ಕಾನೂನು) ಬರಲು ಒಂದು ದೊಡ್ಡ ಕಾರಣವೇ ಇದು, ರೂಢಿಯ ಹೆಸರಲ್ಲಿ ಹೆಣ್ಣುಮಕ್ಕಳ ಪಾಲು ತಪ್ಪಿಸುತ್ತಿದ್ದುದು. ಅದರಲ್ಲೂ ಕೃಷಿ ಜಮೀನನ್ನು ಮೂಲ ಕಾಯ್ದೆ ಹೊರಗೇ ಇಟ್ಟಿತ್ತು. ಎಲ್ಲೋ ಯಾರೋ ಕುರ್‌ಆನಿಗೆ ಅವಮಾನ ಮಾಡಿದರು ಅಂದರೆ ನಮಗೆ ರಕ್ತ ಕುದಿಯುತ್ತದೆ. ತಂಗಿಯ ಪಾಲು ನುಂಗುವಾಗ ಅದೇ ಪುಸ್ತಕದ ಹಾಳೆ ಹರಿದ ಸದ್ದು ಯಾರಿಗೂ ಕೇಳಿಸುವುದಿಲ್ಲ.

ಲೆಕ್ಕ ಹಾಕಲು ಹಜರತ್ ಹತ್ತಿರ ಹೋದೆ. ಅವರ ಉರ್ದು ನನಗೆ ಪೂರ್ತಿ ಅರ್ಥವಾಗದಿದ್ದರೂ ಮನುಷ್ಯ ಒಳ್ಳೆಯವರು, ಕನ್ನಡದ ಅಂಕಿಗಳಲ್ಲೇ ಬರೆದುಕೊಟ್ಟರು. ಮಣ್ಣಿನ ಖರ್ಚು, ಆಮೇಲೆ ಸಾಲ, ಆಮೇಲೆ ವಸಿಯತ್ (ಉಯಿಲು) ಇದ್ದರೆ ಅದು, ಉಳಿದದ್ದರಲ್ಲಿ ಪಾಲು. ಅಂಗಡಿ, ಮನೆ, ಊರಾಚೆಯ ಒಂದು ಸೈಟು ಸೇರಿ 42 ಲಕ್ಷ ಬೆಲೆ ಕಟ್ಟಿದ್ದೆವು. ಸಾಲ ಎರಡು ಲಕ್ಷದ ಆಸುಪಾಸು. ಉಳಿದ 40ರಲ್ಲಿ ಅವ್ವನಿಗೆ ಎಂಟರಲ್ಲೊಂದು, ಐದು ಲಕ್ಷ. ಮಿಕ್ಕ 35ರಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದರಂತೆ ಏಳು ಭಾಗ. ನಮಗೆ ಹತ್ತು ಹತ್ತು, ತಂಗಿಯರಿಗೆ ಐದೈದು. ತಮ್ಮ ಹಾಳೆ ನೋಡಿ ಸುಮ್ಮನೆ ಎದ್ದುಹೋದ. ಅವನನ್ನು ಒಪ್ಪಿಸಲು ಎಂಟು ತಿಂಗಳು ಹಿಡಿಯಿತು. ನಿಮ್ಮ ವಿರುದ್ಧವೇ ಆದರೂ, ತಂದೆತಾಯಿ, ಬಂಧುಗಳ ವಿರುದ್ಧವೇ ಆದರೂ ನ್ಯಾಯಕ್ಕೆ ನಿಲ್ಲಿ ಅನ್ನುವ ಆಯತ್ ಇದೆಯಲ್ಲ (ಅದೂ ನಾಲ್ಕನೇ ಸೂರಾದ್ದೇ), ಅದನ್ನು ಅವನಿಗೆ ಕೇಳಿಸಿದ್ದೇ ಕೇಳಿಸಿದ್ದು. ಕೊನೆಗೆ ಅವನ ಹೆಂಡತಿ, ‘ನನ್ನ ತವರಲ್ಲೂ ನನಗ ಪಾಲು ಅದೇನು ಹಂಗಾರ?’ ಅಂತ ಕೇಳಿದ ದಿನ ಅವನು ಮೆತ್ತಗಾದ ಅನ್ನಿ. ಸೈಟು ಮಾರಿದೆವು, ಉಳಿದದ್ದನ್ನು ಮೂರು ವರ್ಷದಲ್ಲಿ ಕಂತಿನ ಮೇಲೆ ಕೊಟ್ಟೆವು. ಮೊದಲ ಚೆಕ್ ಕೊಟ್ಟಾಗ ಸಣ್ಣ ತಂಗಿ ಹೆದರಿ ಕೇಳಿದ್ದು, ‘ಇದನ್ನ ತಗೊಂಡ್ರ ಈದಿಗೆ ಬರೂದು ಬ್ಯಾಡ ಅಂತೀಯೇನಣ್ಣಾ?’ ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಅಂತ ಅವರಿಗೆ ಹುಟ್ಟಿದಾಗಿನಿಂದ ಕಲಿಸಿರುತ್ತೇವೆ.

ನಿಮ್ಮ ಪಕ್ಕದ ಮನೆಯವರಿಗೆ ಇದನ್ನೆಲ್ಲ ಹೇಳಿ ಜಗಳ ತೆಗೆಯಬೇಡಿ ಮತ್ತೆ. ಅವರೂ ಎಲ್ಲೋ ಒಂದು ಆಯತ್ ಜೊತೆ ಗುದ್ದಾಡುತ್ತಿರಬಹುದು, ನಮಗೆ ಕಾಣುವುದಿಲ್ಲ. ನನಗೇ 49ನೇ ಸೂರಾ ಇನ್ನೂ ದಕ್ಕಿಲ್ಲ. ಬೆನ್ನ ಹಿಂದೆ ಆಡಿಕೊಳ್ಳುವುದು ಸತ್ತ ತಮ್ಮನ ಮಾಂಸ ತಿಂದ ಹಾಗೆ ಅಂತ ಅದರಲ್ಲಿದೆ, ಅಂಗಡಿಯಲ್ಲಿ ಕೂತವನಿಗೆ ದಿನಕ್ಕೆ ಹತ್ತು ಸಲ ಅದೇ ಊಟ.

ಮೆಹರ್ ವಿಷಯ ಹೇಳುವುದು ಉಳಿಯಿತು. ಸಾಲದ ಪಟ್ಟಿ ಮಾಡುವಾಗ ಹಜರತ್ ಪೆನ್ನು ನಿಲ್ಲಿಸಿ, ‘ನಿಮ್ಮ ಅವ್ವಂದು ಮೆಹರ್ ಕೊಟ್ಟಿದ್ರೇನು?’ ಅಂದರು. ಮಾಫ್ ಮಾಡಿದ್ದಾಳೆ ಅಂದೆ. ಯಾವಾಗ ಅಂದರು. ಹೇಳಿದೆ. ಅವರು ಏನೂ ಅನ್ನಲಿಲ್ಲ, ನಾಲ್ಕನೇ ಸೂರಾದ ನಾಲ್ಕನೇ ಆಯತ್ ತೆಗೆದು ಮುಂದೆ ಇಟ್ಟರು: ಹೆಂಗಸರಿಗೆ ಮೆಹರ್ ಸಂತೋಷದಿಂದ ಕೊಡಿ, ಅವರು *ಮನಸಾರೆ* ಬಿಟ್ಟುಕೊಟ್ಟರೆ ಮಾತ್ರ ಅನುಭವಿಸಿ. ಹೆಣದ ಮುಂದೆ ಕೂತವಳ ಮನಸ್ಸು ಯಾವುದು? ಟ್ರಂಕು ಹುಡುಕಿ ನಿಕಾಹ್‌ನಾಮೆ ತೆಗೆದೆ. 1977, ಒಂದು ಸಾವಿರದ ಐದುನೂರ ಇಪ್ಪತ್ತೈದು ರೂಪಾಯಿ.

ಪಾಲು ಮಾಡುವ ಮುಂಚೆ ಅಷ್ಟನ್ನು ತೆಗೆದಿಟ್ಟು ಅವ್ವನ ಕೈಗೆ ಕೊಟ್ಟೆ. ಎರಡು ಸಲ ಎಣಿಸಿದಳು. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅಂದಳು: ‘ನಲವತ್ತೊಂದು ವರ್ಷ ಆತು ನೋಡು. ಬಡ್ಡಿ ಕೇಳೂ ಹಂಗಿಲ್ಲ.’