ಲೆಟರ್‌ನಲ್ಲಿ ಬ್ರಾಂಚಿನ ಹೆಸರು ಇದೆಯಾ?

ತಂಗೀ, ನಿನ್ನ ಪ್ರಶ್ನೆ ಬಂದು ಹದಿನೈದು ದಿನ ಆಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಾನು ಊರಿಗೆ ಬಂದಿದ್ದೇನೆ. ಕುಮಟೆಯಲ್ಲಿ ಮಳೆ ಬಿಟ್ಟೇ ಇಲ್ಲ, ಕರೆಂಟು ಅದಕ್ಕೆ ಮನಸ್ಸು ಬಂದಾಗ ಬರುತ್ತದೆ. ತಮ್ಮ ಅಡಿಕೆಗೆ ಎರಡನೇ ಸಲದ ಕೊಳೆಮದ್ದು ಹೊಡೆಸಬೇಕು ಅಂತ ಒಂದು ಹೊತ್ತಿನ ಬಿಸಿಲಿಗೆ ಕಾಯುತ್ತಿದ್ದಾನೆ. ನಾನು ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನಿನ್ನ ದೊಡ್ಡಣ್ಣನೂ ನಾನೂ ಹುಬ್ಬಳ್ಳಿಯಲ್ಲಿ ಎರಡು ವರ್ಷ ಒಂದೇ ರೂಮಿನಲ್ಲಿದ್ದವರು. ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ನೀನು ಕೇಳಿದ್ದು ಇಷ್ಟು. ಬೆಂಗಳೂರು ಬಿಟ್ಟು ಟೆಕ್ಸಾಸಿನ ಫ್ರಿಸ್ಕೋಗೆ ಬಂದು ಒಂದು ವರ್ಷ ಆಯಿತು. ಮಗಳು 10ನೇ ಕ್ಲಾಸು ಮುಗಿಸಿದಳು. ಕಂಪ್ಯೂಟರ್ ಸೈನ್ಸ್‌ಗೆ ಯುಟಿ (ಯುನಿವರ್ಸಿಟಿ ಆಫ್ ಟೆಕ್ಸಾಸ್) ಆಸ್ಟಿನ್, ಟೆಕ್ಸಾಸ್ ಎ ಅಂಡ್ ಎಂ, ಯುಟಿ ಡಾಲಸ್, ಈ ಮೂರರಲ್ಲಿ ಯಾವುದು ಒಳ್ಳೆಯದು? ರ‍್ಯಾಂಕ್ ಇದ್ದರೆ ಸೀಟು ತಾನಾಗೇ ಸಿಗುತ್ತದೆ ಅಂತಾರೆ, ನಿಜವಾ? ಖರ್ಚು ಎಷ್ಟು? ಮನೆ ಈಗಲೇ ಕೊಳ್ಳಬೇಕಾ?

ಕೊನೆಯದಕ್ಕೆ ಮೊದಲು ಉತ್ತರ. ಬೇಡ.

ಉಳಿದದ್ದಕ್ಕೆ ಮುಂಚೆ ನನ್ನದೇ ಒಂದು ಕಥೆ. 1998ರ ಜನವರಿಯಲ್ಲಿ ನಾನು ಅಮೆರಿಕಕ್ಕೆ ಹೋದವನು. ಮೊದಲ ವಾರ ಆಫೀಸಿನಲ್ಲಿ ಒಬ್ಬ ಹಿರಿಯ, ನೀನು ಯಾವ ಸ್ಕೂಲಿಗೆ ಹೋಗಿದ್ದೆ ಅಂತ ಕೇಳಿದ. ನಾನು ಎದೆ ಉಬ್ಬಿಸಿ ಗಿಬ್ ಹೈಸ್ಕೂಲ್, ಕುಮಟಾ ಅಂದೆ. ಆತ ತಲೆಯಾಡಿಸಿದ. ಪಾಪ, ಅದು ಯಾವುದೋ ದೊಡ್ಡ ಯುನಿವರ್ಸಿಟಿ ಇರಬೇಕು ಅಂದುಕೊಂಡನೋ ಏನೋ. ಅಲ್ಲಿ ಸ್ಕೂಲ್ ಅಂದರೆ ಕಾಲೇಜೂ ಹೌದು ಅನ್ನುವುದು ನನಗೆ ತಿಳಿದದ್ದು ತಿಂಗಳ ಮೇಲೆ. ಈಗ ನೆನೆದರೆ ನಗು. ಆದರೆ ಕಾಲೇಜಿನ ವಿಷಯದಲ್ಲಿ ಆ ದೇಶದ ಮಾತು ನನಗೆ ತಪ್ಪಾಗಿ ಕೇಳಿಸಿದ್ದು ಅದೊಂದೇ ಸಲ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನೀನು ಸಿಇಟಿ ಬರೆದವಳು. ಕೌನ್ಸೆಲಿಂಗ್‌ನಲ್ಲಿ ಕಾಲೇಜು, ಬ್ರಾಂಚು ಎರಡೂ ಒಟ್ಟಿಗೇ ಕೈಗೆ ಬರುತ್ತಿದ್ದವು. ಇಂಥ ಕಾಲೇಜು, ಇಂಥ ಬ್ರಾಂಚು, ದುಡ್ಡು ಕಟ್ಟಿ ಹೋಗು ಅಂತ. ಅಲ್ಲಿ ಹಾಗಲ್ಲ. ಯುನಿವರ್ಸಿಟಿಯ ಬಾಗಿಲು ಒಂದು, ಕಂಪ್ಯೂಟರ್ ಸೈನ್ಸಿನ ಬಾಗಿಲು ಇನ್ನೊಂದು. ಕೆಲವು ಕಡೆ ಎರಡೂ ಒಟ್ಟಿಗೇ ತೆರೆಯುತ್ತವೆ. ಕೆಲವು ಕಡೆ ಮೊದಲನೆಯದು ದಾಟಿ ಒಳಗೆ ಹೋಗಿ, ಒಂದು ವರ್ಷ ಜಗಲಿಯಲ್ಲಿ ಕುಳಿತು, ಆಮೇಲೆ ಎರಡನೆಯದನ್ನು ತಟ್ಟಬೇಕು.

ಟೆಕ್ಸಾಸಿನಲ್ಲಿ 1997ರಲ್ಲಿ ಒಂದು ಕಾನೂನು ಬಂತು. ಹೈಸ್ಕೂಲಿನಲ್ಲಿ ಮೊದಲ ಶೇಕಡಾ 10ರೊಳಗೆ ಇದ್ದರೆ ರಾಜ್ಯದ ಸರ್ಕಾರಿ ಯುನಿವರ್ಸಿಟಿಗಳಲ್ಲಿ ಪ್ರವೇಶ ಖಾಯಂ. ಆಸ್ಟಿನ್‌ಗೆ ಬರುವವರು ವಿಪರೀತ ಜಾಸ್ತಿ ಆದ ಕಾರಣ ಅವರಿಗೆ ಮಾತ್ರ ಮಿತಿ ಬಿಗಿ ಮಾಡಿಕೊಳ್ಳಲು ಅವಕಾಶ ಕೊಟ್ಟರು. ಕೆಲವು ವರ್ಷ ಅದು ಶೇಕಡಾ 6 ಇತ್ತು, 2026ರಲ್ಲಿ ಸೇರುವವರಿಗೆ ಶೇಕಡಾ 5 ಆಯಿತು. ನೀನು ಕೇಳಿಸಿಕೊಂಡದ್ದು ಇದನ್ನೇ. ಸುಳ್ಳಲ್ಲ. ಆದರೆ ಈ ಖಾಯಂ ಪ್ರವೇಶ ಯುನಿವರ್ಸಿಟಿಗೆ ಮಾತ್ರ, ಕಂಪ್ಯೂಟರ್ ಸೈನ್ಸ್‌ಗೆ ಅಲ್ಲ. ಬ್ರಾಂಚಿಗೆ ಅವರು ಬೇರೆಯಾಗಿ ನೋಡುತ್ತಾರೆ: ಅಂಕ, ಎಸ್‌ಎಟಿ ಪರೀಕ್ಷೆ, ಬರೆದ ಪ್ರಬಂಧ, ಮಾಡಿದ ಕೆಲಸ. ನೀನು ಶಿರಸಿಯವಳು, ನಿನಗೆ ಒಂದೇ ಮಾತಿನಲ್ಲಿ ಹೇಳಬಹುದು. ಜಾತ್ರೆ ಪೇಟೆಗೆ ಕಾಲಿಟ್ಟವರೆಲ್ಲ ಮಾರಿಕಾಂಬೆಯ ಗದ್ದುಗೆ ಮುಂದೆ ನಿಂತ ಹಾಗಲ್ಲ, ಅಲ್ವಾ?

ಆಸ್ಟಿನ್‌ನಲ್ಲಿ ಕಂಪ್ಯೂಟರ್ ಸೈನ್ಸೇ ಸಿಕ್ಕಿತು ಅನ್ನು, ಆಗ ಕಣ್ಣು ಮುಚ್ಚಿ ಕಳಿಸು. ಡೈಕ್‌ಸ್ಟ್ರಾ ಅನ್ನುವ ದೊಡ್ಡ ಕಂಪ್ಯೂಟರ್ ವಿಜ್ಞಾನಿ 1984ರಿಂದ ನಿವೃತ್ತಿಯ ತನಕ ಪಾಠ ಮಾಡಿದ ವಿಭಾಗ ಅದು. ಅವರ ಹೆಸರಿನ ಅಲ್ಗಾರಿದಮ್ಮನ್ನು ನಿನ್ನ ಅಣ್ಣ ಹುಬ್ಬಳ್ಳಿಯ ರೂಮಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಮಾಲೀಕರ ಹತ್ತಿರ ಬೈಸಿಕೊಂಡಿದ್ದ, ಕೇಳು ಬೇಕಾದರೆ. ಆದರೆ ಬೇರೆ ಏನೋ ಬ್ರಾಂಚು ಕೊಟ್ಟರು, ಒಳಗೆ ಹೋಗಿ ಆಮೇಲೆ ಬದಲಾಯಿಸೋಣ ಅಂದುಕೊಂಡೆಯೋ, ಅಲ್ಲಿ ನಿಲ್ಲು. ಹಾಗೆ ಬದಲಾಯಿಸುವುದು ತುಂಬ ಕಷ್ಟ.

ಎ ಅಂಡ್ ಎಂನಲ್ಲಿ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಕಾಲೇಜಿನೊಳಗೆ ಇದೆ. ಮೊದಲ ವರ್ಷ ಎಲ್ಲರೂ ಜನರಲ್ ಇಂಜಿನಿಯರಿಂಗ್. ವರ್ಷದ ಕೊನೆಗೆ ಬ್ರಾಂಚು ಹಂಚುತ್ತಾರೆ, ಅದಕ್ಕೆ ಇಟ್ಯಾಮ್ ಅಂತಾರೆ. ಈಚಿನ ವರ್ಷಗಳಲ್ಲಿ 4ಕ್ಕೆ 3.75 ಜಿಪಿಎ, ಅಂದರೆ ಸರಾಸರಿ ಅಂಕ, ಇದ್ದವರಿಗೆ ಕೇಳಿದ ಬ್ರಾಂಚು ಖಾತ್ರಿ ಇತ್ತು. ಅದಕ್ಕಿಂತ ಕಡಿಮೆ ಆದರೆ ಪೈಪೋಟಿ. ನಮ್ಮಲ್ಲೂ ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಎಲ್ಲರಿಗೂ ಒಂದೇ ಪಾಠ ಇತ್ತು. ಆದರೆ ಬ್ರಾಂಚು ಕಿಸೆಯಲ್ಲಿತ್ತು, ಜಸ್ಟ್ ಪಾಸಾದರೂ ನಡೆಯುತ್ತಿತ್ತು. ಅಲ್ಲಿ ಆ ಮೊದಲ ವರ್ಷವೇ ಎಲ್ಲ. ಮೊದಲ ಸಲದ ಕೊಳೆಮದ್ದಿನ ಹಾಗೆ, ಮಳೆ ಹಿಡಿಯುವ ಮೊದಲೇ ಆಗಬೇಕು. ಮಗಳು ಮನೆ ಬಿಟ್ಟು ಹೋದ ಮೊದಲ ಮೂರು ತಿಂಗಳು ಅಳುವವಳಾ, ಅಲ್ಲವಾ ಅನ್ನುವುದು ನಿನಗೇ ಗೊತ್ತು. ಇದು ಓದಿನಷ್ಟೇ ಲೆಕ್ಕಕ್ಕೆ ಬರುತ್ತದೆ.

ಯುಟಿ ಡಾಲಸ್ ಇರುವುದು ರಿಚರ್ಡ್‌ಸನ್‌ನಲ್ಲಿ, ನಿನ್ನ ಮನೆಯಿಂದ ಅರ್ಧ ಮುಕ್ಕಾಲು ಗಂಟೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಕಟ್ಟಿದವರು 1960ರ ದಶಕದಲ್ಲಿ ಶುರು ಮಾಡಿದ ಸಂಶೋಧನಾ ಕೇಂದ್ರ ಅದು. 1969ರಲ್ಲಿ ರಾಜ್ಯಕ್ಕೆ ಕೊಟ್ಟರು. ಹೈಸ್ಕೂಲು ಮುಗಿಸಿ ಬಂದವರನ್ನು ಮೊದಲ ವರ್ಷಕ್ಕೆ ತೆಗೆದುಕೊಳ್ಳಲು ಶುರು ಮಾಡಿದ್ದೇ 1990ರಲ್ಲಿ. ಫುಟ್‌ಬಾಲ್ ಟೀಮು ಇಲ್ಲ, ಚೆಸ್ ಟೀಮು ಹೆಸರುವಾಸಿ. ಹಾಗಾಗಿ ಇಲ್ಲಿ ಕುಮಟೆಯಲ್ಲಿ ಯಾರಿಗೂ ಅದರ ಹೆಸರು ಗೊತ್ತಿಲ್ಲ. ಟೆಕ್ಸಾಸಿನಲ್ಲೇ ಎಷ್ಟೋ ಜನ ಮೂಗು ಮುರಿಯುತ್ತಾರೆ. ಅಲ್ಲಿ ನೇರವಾಗಿ ಕಂಪ್ಯೂಟರ್ ಸೈನ್ಸ್‌ಗೇ ಅರ್ಜಿ ಹಾಕಬಹುದು. ಸೇರಿದ ವರ್ಷದ ಟ್ಯೂಷನ್, ಅಂದರೆ ಕಾಲೇಜಿನ ಫೀ, ನಾಲ್ಕು ವರ್ಷ ಏರುವುದಿಲ್ಲ. ಒಳ್ಳೆಯ ಅಂಕ ಇದ್ದವರಿಗೆ ಸ್ಕಾಲರ್‌ಶಿಪ್ಪೂ ಇದೆ. ನನ್ನ ಮಗಳು ಅಲ್ಲೇ ಓದಿದ್ದು. ನಾವು 2018ರಲ್ಲಿ ಟೆಕ್ಸಾಸಿಗೆ ಬಂದಾಗ ಅವಳೂ ನಿನ್ನ ಮಗಳ ವಯಸ್ಸಿನವಳೇ. ಎರಡು ವರ್ಷ ಮನೆಯಿಂದಲೇ ಹೋಗಿ ಬಂದಳು. ಹಾಸ್ಟೆಲ್ ಸುಖ ತಪ್ಪಿಸಿದೆ ಅಂತ ಈಗಲೂ ಬೈಯುತ್ತಾಳೆ, ಬೈಯಲಿ. ಬೆಳಿಗ್ಗೆ ಅವಳ ಡಬ್ಬಿಗೆ ಅವಲಕ್ಕಿ ಕಲಸಿ ಕೊಟ್ಟ ಸುಖ ನನ್ನದು.

ಅರ್ಲಿಂಗ್‌ಟನ್, ಹ್ಯೂಸ್ಟನ್, ಡೆಂಟನ್ ಕಡೆಯ ಸರ್ಕಾರಿ ಯುನಿವರ್ಸಿಟಿಗಳನ್ನೂ ಪಟ್ಟಿಯಲ್ಲಿ ಇಟ್ಟುಕೊ. ಪೇಪರಿನವರ ರ‍್ಯಾಂಕಿಂಗ್ ಪಟ್ಟಿ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡ.

ಖರ್ಚು. ರಾಜ್ಯದ ನಿವಾಸಿಗಳಿಗೆ ಇರುವ ಕಡಿಮೆ ಫೀಯ ಲೆಕ್ಕದಲ್ಲಿ ಈ ಮೂರರಲ್ಲೂ ಟ್ಯೂಷನ್ ವರ್ಷಕ್ಕೆ ಹೆಚ್ಚುಕಡಿಮೆ 11ರಿಂದ 15 ಸಾವಿರ ಡಾಲರ್. ಊಟ, ರೂಮು ಸೇರಿದರೆ ಅದರ ಎರಡು ಪಟ್ಟು ದಾಟುತ್ತದೆ. ಎಚ್-1ಬಿ ಕೆಲಸದ ವೀಸಾ, ಅವರ ಮನೆಯವರಿಗೆ ಕೊಡುವ ಎಚ್-4 ವೀಸಾದಲ್ಲಿ ಇರುವವರನ್ನೂ ಟೆಕ್ಸಾಸ್ ತನ್ನ ನಿವಾಸಿ ಅಂತ ಒಪ್ಪುತ್ತದೆ, 12 ತಿಂಗಳು ಅಲ್ಲಿ ನೆಲೆಸಿದ್ದಕ್ಕೆ ದಾಖಲೆ ಇರಬೇಕು ಅಷ್ಟೆ. ಬಾಡಿಗೆ ಕರಾರು, ಸಂಬಳದ ಚೀಟಿ ಎಲ್ಲ ಒಂದು ಫೈಲಿನಲ್ಲಿ ಇಡು. ಕೇಂದ್ರ ಸರ್ಕಾರದ ಸಹಾಯಧನ ಎಚ್-4 ಮಕ್ಕಳಿಗೆ ಇಲ್ಲ.

ಇನ್ನೊಂದು ವಿಷಯವನ್ನು ನೀನು ಕೇಳಿಲ್ಲ, ಆದರೆ ಎಲ್ಲಕ್ಕಿಂತ ಮುಖ್ಯ. ಎಚ್-4ನಲ್ಲಿ ಇರುವ ಮಕ್ಕಳು ಕೆಲಸ ಮಾಡುವ ಹಾಗಿಲ್ಲ. ಅಂದರೆ ಬೇಸಿಗೆಯ ಇಂಟರ್ನ್‌ಶಿಪ್ಪೂ ಇಲ್ಲ. ಕಂಪ್ಯೂಟರ್ ಸೈನ್ಸಿನಲ್ಲಿ ಇಂಟರ್ನ್‌ಶಿಪ್ ಇಲ್ಲದವರಿಗೆ ಮೊದಲ ನೌಕರಿ ಕಷ್ಟ. ಅದಕ್ಕೇ ಎಷ್ಟೋ ಮಕ್ಕಳು ನಡುವೆ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗುತ್ತಾರೆ. ಹೇಗೂ 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಹಾಗೆ ಬದಲಾದರೆ ಫೀ ಯಾವ ಲೆಕ್ಕಕ್ಕೆ ಬರುತ್ತದೆ ಅಂತ ಮೂರೂ ಯುನಿವರ್ಸಿಟಿಗಳಿಗೆ ಈಗಲೇ ಬರೆದು ಕೇಳು. ಫೋನಿನಲ್ಲಿ ಕೇಳಬೇಡ. ಈಮೇಲ್ ಉತ್ತರ ಜೋಪಾನವಾಗಿ ಇಟ್ಟುಕೊ.

ಈಗ ನನ್ನ ಮಗನ ಕಥೆ. ಟೆಕ್ಸಾಸಿಗೆ ಬರುವ ಮೊದಲು ನಾವು ಬೇರೆ ರಾಜ್ಯದಲ್ಲಿದ್ದೆವು. 2017ರಲ್ಲಿ ಅವನಿಗೆ ಅಲ್ಲಿನ ದೊಡ್ಡ ಸರ್ಕಾರಿ ಯುನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಹೆಸರು ಬೇಡ. ಊರಿನಲ್ಲೂ ನಾಲ್ಕು ಜನ ಕೇಳಿದ ಹೆಸರು. ಲೆಟರ್ ಬಂತು, ಸ್ವಾಗತ ಅಂತಿತ್ತು, ನಾನು ಅಷ್ಟನ್ನೇ ಓದಿದೆ. ಬ್ರಾಂಚು ಇನ್ನೂ ನಿಗದಿಯಾಗಿಲ್ಲ, ನಾಲ್ಕು ಕೋರ್ಸು ಮುಗಿಸಿ ಕಂಪ್ಯೂಟರ್ ಸೈನ್ಸ್‌ಗೆ ಮತ್ತೆ ಅರ್ಜಿ ಹಾಕಬೇಕು ಅಂತ ಕೆಳಗೆ ಸ್ಪಷ್ಟವಾಗಿ ಬರೆದಿತ್ತು. ಅದೇ ರಾಜ್ಯದ ಇನ್ನೊಂದು ಸಣ್ಣ ಯುನಿವರ್ಸಿಟಿ ನೇರವಾಗಿ ಕಂಪ್ಯೂಟರ್ ಸೈನ್ಸ್ ಕೊಟ್ಟಿತ್ತು. ಮಗನಿಗೆ ಅಲ್ಲಿಗೆ ಹೋಗುವ ಮನಸ್ಸಿತ್ತು. ನಾನೇ ಬೇಡ ಅಂದೆ. ಅದೇ ಸಂಜೆ ಕುಮಟೆಗೆ ಫೋನು ಮಾಡಿ ಅಪ್ಪನಿಗೆ, ನಿನ್ನ ಮೊಮ್ಮಗನಿಗೆ ಕಂಪ್ಯೂಟರ್ ಸೈನ್ಸ್ ಸಿಕ್ಕಿತು ಅಂದೆ. ಅಪ್ಪ ಕೇರಿಗೆಲ್ಲ ಸುದ್ದಿ ಹೇಳಿ ಬಂದರಂತೆ.

ಮಗ ಎರಡು ಸಲ ಅರ್ಜಿ ಹಾಕಿದ. ಎರಡೂ ಸಲ ಆಗಲಿಲ್ಲ. ಎರಡನೇ ಸಲದ್ದು ನಮಗೆ ತಿಳಿಸಿದ್ದು ಮೂರು ವಾರ ಬಿಟ್ಟು, ಫೆಬ್ರವರಿಯ ಒಂದು ರಾತ್ರಿ. ಫೋನಿನ ಹಿಂದೆ ಬಟ್ಟೆ ಒಗೆಯುವ ಮಷೀನಿನ ಸದ್ದು ಕೇಳುತ್ತಿತ್ತು. ರೂಮಿನವರಿಗೆ ಕೇಳಬಾರದು ಅಂತ ಹಾಸ್ಟೆಲಿನ ಕೆಳಗೆ ಬಟ್ಟೆ ಒಗೆಯುವ ಕೋಣೆಗೆ ಬಂದು ಮಾತಾಡುತ್ತಿದ್ದ. ಅವನು ಹೇಳಿ ಮುಗಿಸಿದ. ನಾನು ಮೊದಲು ಕೇಳಿದ್ದು ಏನು ಗೊತ್ತಾ? "ಅಜ್ಜನಿಗೆ ಏನು ಹೇಳೋದು?" ಊಟ ಆಯಿತಾ ಅಂತಲೂ ಕೇಳಲಿಲ್ಲ. ಮಷೀನು ತಿರುಗುತ್ತಲೇ ಇತ್ತು, ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನು ಇಟ್ಟ.

2019ರ ಮೇ ತಿಂಗಳಲ್ಲಿ ಎಲ್ಲರೂ ಊರಿಗೆ ಬಂದೆವು. ಆಯಿ ಇದೇ ಜಗಲಿಯಲ್ಲಿ ಅಪ್ಪೆಮಿಡಿಯ ತೊಟ್ಟು ಮುರಿಯುತ್ತಿದ್ದರು, ಮಗ ಪಕ್ಕದಲ್ಲಿ ಕೂತು ನೆರವಾಗುತ್ತಿದ್ದ. ಪಕ್ಕದ ಮನೆಯವರು ಬಂದರು. ಅಪ್ಪ ಅವರ ಮುಂದೆ ಹೆಮ್ಮೆಯಿಂದ, "ಕಂಪ್ಯೂಟರ್ ಸೈನ್ಸೇ ಹೌದನಾ ಮಾಣಿ?" ಅಂತ ಕೇಳಿದರು. ಮಗ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಮಿಡಿಯ ಸೊನೆ ಬೆರಳಿಗೆ ಇಳಿಯುತ್ತಿತ್ತು. "ಹೌದು ಅಜ್ಜಾ" ಅಂದ. ನಾನು ಕಂಬಕ್ಕೆ ಒರಗಿ ನಿಂತಿದ್ದೆ, ಬಾಯಿ ಬಿಡಲಿಲ್ಲ. ಆಗ ಅವನು ಓದುತ್ತಿದ್ದದ್ದು ಭೂಗೋಳ. ಮುಂದಿನ ವರ್ಷ ಅಪ್ಪ ಹೋದರು.

ಮಗ ಈಗ ಚೆನ್ನಾಗಿದ್ದಾನೆ. ನೆರೆ ನೀರು ಎಲ್ಲಿಯ ತನಕ ಏರಬಹುದು ಅನ್ನುವ ನಕ್ಷೆ ಮಾಡುವ ಕೆಲಸ. ಅಘನಾಶಿನಿ ಏರಿದಾಗ ಚಿಕ್ಕಪ್ಪನಿಗೆ ಫೋನು ಮಾಡಿ, ನೀರು ತೋಟದ ಎಷ್ಟನೇ ಮೆಟ್ಟಿಲಿಗೆ ಬಂತು ಅಂತ ಕೇಳುತ್ತಾನೆ. ನನಗಿಂತ ಜಾಸ್ತಿ ಅವನಿಗೇ ಈ ಊರಿನ ನೀರಿನ ಲೆಕ್ಕ ಗೊತ್ತು. ಕೆಲಸದ ಬಗ್ಗೆ ನನಗೆ ಬೇಸರ ಇಲ್ಲ.

ಈ ಸಲ ಅಪ್ಪನ ಮೇಜಿನ ಖಾನೆ ತೆಗೆದಾಗ ಹಳೆಯ ಬಗ್ಗೋಣ ಪಂಚಾಂಗಗಳ ಕಟ್ಟು ಸಿಕ್ಕಿತು. ಹಾಲಿನ ಲೆಕ್ಕ, ಆಳಿನ ಲೆಕ್ಕ ಎಲ್ಲ ಅದರ ಅಂಚಿನಲ್ಲೇ ಬರೆಯುವುದು ಅವರ ಅಭ್ಯಾಸ. 2017ರದ್ದರಲ್ಲಿ ಒಂದು ಕಡೆ ಮೊಮ್ಮಗನ ಹೆಸರು, ಪಕ್ಕದಲ್ಲಿ ಯುನಿವರ್ಸಿಟಿಯ ಹೆಸರು ಕಾಗುಣಿತ ತಪ್ಪಿ, ಕೆಳಗೆ ಕಂಪ್ಯೂಟರ್ ಸೈನ್ಸ್ ಅಂತ. ಅದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಮಗನಿಗೆ ಫೋಟೋ ಕಳಿಸೋಣ ಅಂತ ಮೊಬೈಲು ತೆಗೆದೆ. ಕಳಿಸಲಿಲ್ಲ.

ಹಾಗಾಗಿ ಯಾವ ಲೆಟರ್ ಬಂದರೂ ಕೊನೆಯ ಸಾಲಿನ ತನಕ ಓದು. ಬ್ರಾಂಚಿನ ಹೆಸರು ಅಕ್ಷರದಲ್ಲಿ ಇದೆಯಾ ನೋಡು. ಅದು ಇರುವ ತನಕ ಶಿರಸಿಗೆ ಫೋನು ಮಾಡಬೇಡ. ನಿನ್ನ ಅಣ್ಣನಿಗಂತೂ ಬೇಡವೇ ಬೇಡ, ಅವನ ಬಾಯಲ್ಲಿ ಏನೂ ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ ಸಹಿ ಮಾಡಿಕೊಟ್ಟ ಕಂಪ್ಯೂಟರ್ ಸೈನ್ಸ್ ಇರುವ ಡಾಲಸ್, ಬ್ರಾಂಚಿಲ್ಲದ ಆಸ್ಟಿನ್‌ಗಿಂತ ಮೇಲು. ಮಗಳನ್ನು ಕೂರಿಸಿಕೊಂಡು ಅವಳನ್ನೇ ಕೇಳು.

ಇನ್ನು ಈ ವಾರವೇ ಮಾಡಬೇಕಾದ ಒಂದು ಕೆಲಸ. ಆ ಖಾಯಂ ಪ್ರವೇಶಕ್ಕೆ ಯುಟಿ ಆಸ್ಟಿನ್‌ನವರು ನೋಡುವುದು 11ನೇ ಕ್ಲಾಸಿನ ಕೊನೆಯ ರ‍್ಯಾಂಕು. ಬೆಂಗಳೂರಿನ 9ನೇ ಕ್ಲಾಸಿನ ಮಾರ್ಕ್ಸ್ ಕಾರ್ಡನ್ನು ಈಗಿನ ಶಾಲೆಯವರು ಆ ರ‍್ಯಾಂಕಿನ ಲೆಕ್ಕಕ್ಕೆ ಹೇಗೆ ಹಿಡಿದಿದ್ದಾರೆ ಅಂತ ಕೌನ್ಸೆಲರ್‌ಗೆ ಈಮೇಲ್ ಹಾಕು. ಆಗಸ್ಟ್‌ನಲ್ಲಿ ಶಾಲೆ ಶುರುವಾದ ಮೇಲೆ ಅವರು ಕೈಗೆ ಸಿಗುವುದಿಲ್ಲ. ಮಳೆ ಹೊಳವಾಯಿತು, ತಮ್ಮ ಅಂಗಳದಲ್ಲಿ ಮೈಲುತುತ್ತಕ್ಕೆ ಸುಣ್ಣ ಕದಡುತ್ತಿದ್ದಾನೆ, ನಾನೂ ಹೋಗಬೇಕು.